ಪ್ಯಾಲೆಟ್ ಮೇಲಿನ ಮಾಲಿಗೆ ರಟ್ಟಿನ ಹಾಳೆ: ಎಲ್ಲಿ ಬೇಕು, ಎಲ್ಲಿ ವ್ಯರ್ಥ

ಪ್ರಶ್ನೆ: ನಾವು ದ್ರವ ಸೋಪಿನ ಪೌಚ್‌ಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಪ್ಯಾಲೆಟ್ (ಮಾಲು ಪೇರಿಸಿ ಸಾಗಿಸುವ ಮರದ ಅಡಿಹಲಗೆ) ಮೇಲೆ ಆರು ಪದರ ಪೇರಿಸಿ, ಪಟ್ಟಿ ಬಿಗಿದು, ಹಿಗ್ಗುವ ಪ್ಲಾಸ್ಟಿಕ್ ಹಾಳೆ, ಅಂದರೆ ಸ್ಟ್ರೆಚ್ ಫಿಲ್ಮ್ ಸುತ್ತಿ ಚಿಲ್ಲರೆ ಮಳಿಗೆಗಳ ವಿತರಣಾ ಕೇಂದ್ರಕ್ಕೆ ಕಳುಹಿಸುತ್ತೇವೆ. ಒಂದೊಂದು ಪೆಟ್ಟಿಗೆ ಸುಮಾರು 10 ಕಿಲೋ ತೂಗುತ್ತದೆ. ತಳದ ಪೆಟ್ಟಿಗೆಗಳು ಜಜ್ಜಿವೆ, ಮೇಲಿನ ಪೆಟ್ಟಿಗೆಗಳ ಅಂಚನ್ನು ಪಟ್ಟಿ ಕತ್ತರಿಸಿದೆ ಎಂದು ಆಗಾಗ ಮಾಲು ವಾಪಸಾಗುತ್ತಿದೆ. ಪ್ರತಿ ಪದರಕ್ಕೂ ಒಂದು ರಟ್ಟಿನ ಹಾಳೆ ಹಾಕಿ ಎಂದು ಹಾಳೆ ಮಾರುವವರು ಹೇಳುತ್ತಾರೆ. ಇದು ನಿಜವಾಗಿಯೂ ಬೇಕೆ? ಎಷ್ಟು ದಪ್ಪದ್ದು? ಹಳೆಯ ಪೆಟ್ಟಿಗೆಗಳನ್ನೇ ಬಿಚ್ಚಿ ಹಾಸಿದರೆ ಸಾಲದೆ?

ಉತ್ತರ: ಪ್ರತಿ ಪದರಕ್ಕೂ ಬೇಕಾಗಿಲ್ಲ. ನಿಮ್ಮ ವಿವರಣೆಯನ್ನು ನೋಡಿದರೆ ಮೂರೋ ನಾಲ್ಕೋ ಹಾಳೆ ಸಾಕು: ಪ್ಯಾಲೆಟ್ಟಿನ ಹಲಗೆಯ ಮೇಲೊಂದು, ನಡುವೆ ಒಂದೆರಡು, ಮೇಲ್ತುದಿಯಲ್ಲೊಂದು. ಆದರೆ ಈಗ ಪೇರಿಸುತ್ತಿರುವ ಕ್ರಮವನ್ನು ಬದಲಿಸದೆ ಬರೀ ಹಾಳೆ ಸೇರಿಸಿದರೆ ತಳದ ಪೆಟ್ಟಿಗೆಗಳು ಮುಂದೆಯೂ ಜಜ್ಜುತ್ತಲೇ ಇರುತ್ತವೆ ಎಂಬ ಆತಂಕ ನನಗಿದೆ. ಅದಕ್ಕಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ರಟ್ಟಿನ ಹಾಳೆ ಭಾರ ಹೊರುವ ವಸ್ತುವಲ್ಲ. ಭಾರ ಹೊರುವುದು ಪೆಟ್ಟಿಗೆಯ ಗೋಡೆಗಳು, ಅದರಲ್ಲೂ ಮುಖ್ಯವಾಗಿ ನಾಲ್ಕು ಮೂಲೆಗಳು. ಗೋಡೆಯ ನಡುಭಾಗ ಒತ್ತಡ ಬಿದ್ದೊಡನೆ ಹೊರಕ್ಕೋ ಒಳಕ್ಕೋ ಉಬ್ಬಿ ಹೊಣೆಯಿಂದ ಜಾರಿಕೊಳ್ಳುತ್ತದೆ. ಮೂಲೆ ಮಾತ್ರ ಕೊನೆಯವರೆಗೆ ನಿಲ್ಲುತ್ತದೆ. ಪೆಟ್ಟಿಗೆಯ ಒಳಗೆ ಡಬ್ಬಿ ಅಥವಾ ಗಾಜಿನ ಜಾಡಿ ಇದ್ದರೆ ಅವೂ ಭಾರಕ್ಕೆ ಹೆಗಲು ಕೊಡುತ್ತವೆ. ನಿಮ್ಮಲ್ಲಿರುವುದು ಮೆತ್ತನೆಯ ಪೌಚ್. ಅದು ಏನನ್ನೂ ಹೊರುವುದಿಲ್ಲ. ಹಾಗಾಗಿ ಇಡೀ ಹೊರೆ ರಟ್ಟಿನ ಮೂಲೆಗಳ ಮೇಲೆಯೇ ಬೀಳುತ್ತದೆ.

ಹಾಗಾದರೆ ಹಾಳೆಯ ಕೆಲಸವೇನು? ಒಂದೇ ಜಾಗದಲ್ಲಿ ಬೀಳುವ ಒತ್ತಡವನ್ನು ಅಗಲಕ್ಕೆ ಹಂಚುವುದು, ಒಂದು ಪದರದ ಪೆಟ್ಟಿಗೆಗಳು ಬೇರೆ ಬೇರೆ ದಿಕ್ಕಿಗೆ ಸರಿಯದಂತೆ ಹಿಡಿಯುವುದು, ಮತ್ತು ಉಜ್ಜಾಟ, ಧೂಳು, ಚಾಕುವಿನ ಗೀರುಗಳನ್ನು ಮಾಲಿನ ಬದಲು ತಾನು ತೆಗೆದುಕೊಳ್ಳುವುದು. ಮರದ ಹಲಗೆಯಿಂದ ಪೆಟ್ಟಿಗೆಗೆ, ಪಟ್ಟಿಯಿಂದ ಪೆಟ್ಟಿಗೆಗೆ, ಮೇಲಿನ ಪ್ಯಾಲೆಟ್ಟಿನ ಅಡಿಹಲಗೆಯಿಂದ ಕೆಳಗಿನ ಪೆಟ್ಟಿಗೆಗೆ, ಹೀಗೆ ಒತ್ತಡವು ಒಂದು ಬಗೆಯ ವಸ್ತುವಿನಿಂದ ಇನ್ನೊಂದು ಬಗೆಯ ವಸ್ತುವಿಗೆ ದಾಟುವ ಜಾಗದಲ್ಲಿ ಹಾಳೆಗೆ ಬೆಲೆಯಿದೆ. ಒಂದೇ ಅಳತೆಯ ಎರಡು ಪೆಟ್ಟಿಗೆಗಳು ಮೂಲೆಗೆ ಮೂಲೆ ಕೂಡುವಂತೆ ಕುಳಿತಿದ್ದರೆ ಅವುಗಳ ನಡುವೆ ಹಂಚಬೇಕಾದ ಒತ್ತಡವೇ ಇಲ್ಲ.

ತಳದಿಂದ ಆರಂಭಿಸೋಣ, ಏಕೆಂದರೆ ನಿಮ್ಮ ದೊಡ್ಡ ನಷ್ಟ ಅಲ್ಲಿಯೇ ಇದೆ. ಮರದ ಪ್ಯಾಲೆಟ್ಟಿನ ಮೇಲ್ಮೈ ಸಮತಟ್ಟಾದ ಒಂದೇ ಹಲಗೆಯಲ್ಲ. ಹಲಗೆಗಳ ನಡುವೆ ಸಂದುಗಳಿರುತ್ತವೆ. ಪೆಟ್ಟಿಗೆಯ ಮೂಲೆ ಅಂಥ ಸಂದಿನ ಮೇಲೆ ಬಂದರೆ ಅದಕ್ಕೆ ಕೆಳಗಿನಿಂದ ಆಸರೆಯೇ ಇರುವುದಿಲ್ಲ. ರಟ್ಟಿನ ಉದ್ಯಮದ ಕೈಪಿಡಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜಿನಂತೆ, ಹಲಗೆ ಸಂದುಗಳಿಂದಾಗಿ ಪೆಟ್ಟಿಗೆಯ ಒತ್ತಡ ತಾಳುವ ಶಕ್ತಿಯಲ್ಲಿ ಶೇಕಡಾ 10ರಿಂದ 25ರಷ್ಟು ಕುಸಿತವಾಗುತ್ತದೆ. ಗಟ್ಟಿಯಾದ ಕೊರುಗೇಟೆಡ್ ಹಾಳೆಯೊಂದು ಸಂದಿನ ಮೇಲೆ ಸೇತುವಾಗಿ ನಿಂತು ಈ ನಷ್ಟದ ಬಹುಪಾಲನ್ನು ಉಳಿಸಬಲ್ಲದು. ಹಾಸುವಾಗ ದಿಕ್ಕನ್ನು ನೋಡಿ: ಕೊರುಗೇಟೆಡ್ ರಟ್ಟು ತನ್ನ ಒಳಗಿನ ಅಲೆಗಳ, ಅಂದರೆ ಫ್ಲೂಟ್‌ಗಳ, ಗೆರೆಗುಂಟ ಸುಲಭವಾಗಿ ಮಡಚಿಕೊಳ್ಳುತ್ತದೆ. ಆ ಗೆರೆ ಹಲಗೆ ಸಂದಿಗೆ ಸಮಾನಾಂತರವಾಗಿದ್ದರೆ ಹಾಳೆ ಸಂದಿನೊಳಕ್ಕೆ ಮಡಿದು ಕೂರುತ್ತದೆ. ಫ್ಲೂಟ್‌ಗಳು ಸಂದನ್ನು ಅಡ್ಡ ದಾಟುವಂತೆ ಹಾಸಬೇಕು. ಹಾಳೆ ಕೊಳ್ಳುವಾಗಲೇ ಈ ದಿಕ್ಕನ್ನು ಬರೆದು ತಿಳಿಸಿ, ಇಲ್ಲವಾದರೆ ಪೂರೈಕೆದಾರರು ತಮ್ಮ ಕಾಗದದ ಉರುಳೆಗೆ ಅನುಕೂಲವಾದಂತೆ ಕತ್ತರಿಸಿ ಕಳುಹಿಸುತ್ತಾರೆ.

ತಳದ ಹಾಳೆ ಎರಡು ವಿಷಯಗಳಿಗೆ ಮದ್ದಲ್ಲ. ಮೊದಲನೆಯದು ಎದ್ದು ನಿಂತ ಮೊಳೆ. ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಕು, ಹಾಳೆಯನ್ನು ನಂಬಬಾರದು. ಎರಡನೆಯದು ಪ್ಯಾಲೆಟ್ಟಿನಿಂದ ಹೊರಚಾಚಿದ ಪೆಟ್ಟಿಗೆ. ಪೆಟ್ಟಿಗೆಯ ಅಂಚು ಹಲಗೆಯಾಚೆಗೆ ಸ್ವಲ್ಪ ಹೋದರೂ ಆ ಬದಿಯ ಎರಡು ಮೂಲೆಗಳು ಗಾಳಿಯಲ್ಲಿ ನೇತಾಡುತ್ತವೆ, ಶಕ್ತಿಯ ನಷ್ಟ ಶೇಕಡಾ 20ರಿಂದ 40ರವರೆಗೆ ಹೋಗುತ್ತದೆ. ಚಾಚಿದ ಭಾಗದ ಕೆಳಗೆ ಹಾಳೆಯೂ ಗಾಳಿಯಲ್ಲೇ ಇರುತ್ತದೆ, ಅದು ಆಸರೆ ಕೊಡಲು ಹೇಗೆ ಸಾಧ್ಯ? ಇದನ್ನು ಪೆಟ್ಟಿಗೆಯ ಅಳತೆಯಲ್ಲಿಯೇ ಸರಿಪಡಿಸಬೇಕು. ಉದಾಹರಣೆಗೆ 400×300 ಮಿಲಿಮೀಟರ್ ತಳವಿರುವ ಪೆಟ್ಟಿಗೆ 1200×800 ಪ್ಯಾಲೆಟ್ಟಿನಲ್ಲಿ ಪದರಕ್ಕೆ 8, 1200×1000 ಪ್ಯಾಲೆಟ್ಟಿನಲ್ಲಿ ಪದರಕ್ಕೆ 10 ಸರಿಯಾಗಿ ಕೂರುತ್ತವೆ. ತುಂಬಿದ ಮೇಲೆ ಪೆಟ್ಟಿಗೆ ಉಬ್ಬುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೌಚ್ ತುಂಬಿದ ಪೆಟ್ಟಿಗೆಗಳು ಉಬ್ಬುವುದು ಹೆಚ್ಚು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಪೆಟ್ಟಿಗೆಗಳನ್ನು ಹೇಗೆ ಪೇರಿಸುತ್ತಿದ್ದೀರಿ ಎಂದು ಬರೆದಿಲ್ಲ. ಬಹುತೇಕ ಗೋದಾಮುಗಳಂತೆ ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಪದರದಿಂದ ಪದರಕ್ಕೆ ದಿಕ್ಕು ಬದಲಿಸುತ್ತೀರಿ ಎಂದುಕೊಳ್ಳುತ್ತೇನೆ. ಹೀಗೆ ಹೆಣೆದು ಪೇರಿಸಿದರೆ ರಾಶಿ ಅಲುಗಾಡುವುದಿಲ್ಲ, ನಿಜ. ಆದರೆ ಮೇಲಿನ ಪೆಟ್ಟಿಗೆಯ ಮೂಲೆ ಕೆಳಗಿನ ಪೆಟ್ಟಿಗೆಯ ಮುಚ್ಚಳದ ನಡುವೆಯೋ ಗೋಡೆಯ ನಡುಭಾಗದ ಮೇಲೋ ಬಂದು ಕೂರುತ್ತದೆ. ಹೊರಬಲ್ಲ ಮೂಲೆಗಳಿಗೆ ಕೆಲಸವಿಲ್ಲ, ಹೊರಲಾರದ ಭಾಗಕ್ಕೆ ಹೊರೆ. ಈ ಜೋಡಣೆಯಲ್ಲಿ ಪೆಟ್ಟಿಗೆಯ ಶಕ್ತಿಯ ಶೇಕಡಾ 40ರಿಂದ 60ರಷ್ಟು ಹೋಗುತ್ತದೆ. ಮೂಲೆಯ ಮೇಲೆ ಮೂಲೆ ಬರುವಂತೆ ನೇರ ಕಂಬಗಳಾಗಿ ಪೇರಿಸಿದರೆ ಆ ನಷ್ಟವಿಲ್ಲ. ಕೈಯಿಂದ ಪೇರಿಸುವಾಗ ಅಲ್ಪಸ್ವಲ್ಪ ಓರೆಯಾಗುವುದರಿಂದ ಶೇಕಡಾ 10ರಿಂದ 15 ಹೋಗಬಹುದು, ಅಷ್ಟೇ.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ಪೆಟ್ಟಿಗೆ ಪ್ರಯೋಗಾಲಯದಲ್ಲಿ 300 ಕಿಲೋ ಒತ್ತಡ ತಾಳುತ್ತದೆ ಎಂದಿಟ್ಟುಕೊಳ್ಳಿ. ತಳದ ಪೆಟ್ಟಿಗೆಯ ಮೇಲಿರುವುದು ಐದು ಪೆಟ್ಟಿಗೆ, ಅಂದರೆ ಬರೀ 50 ಕಿಲೋ. ಆರು ಪಟ್ಟು ಶಕ್ತಿಯಿದೆ, ಆದರೂ ಏಕೆ ಜಜ್ಜುತ್ತದೆ? ಮೊದಲನೆಯ ಕಾರಣ ತೇವ: ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 80 ಇರುವಲ್ಲಿ ರಟ್ಟು ತನ್ನ ಶಕ್ತಿಯ ಸುಮಾರು ಶೇಕಡಾ 32ನ್ನು ಕಳೆದುಕೊಳ್ಳುತ್ತದೆ. ಎರಡನೆಯದು ಕಾಲ: ಹೊರೆ ಹೊತ್ತು 30 ದಿನ ನಿಂತರೆ ಇನ್ನೊಂದು ಶೇಕಡಾ 40. ಉಳಿದದ್ದು 122 ಕಿಲೋ. ಹೆಣೆದ ಜೋಡಣೆ ಅದನ್ನು ಅರ್ಧಕ್ಕಿಳಿಸಿದರೆ 61. ಹಲಗೆ ಸಂದಿನಿಂದ ಶೇಕಡಾ 15 ಹೋದರೆ 52. ಹೊರೆ 50, ತಾಳುವ ಶಕ್ತಿ 52. ಲಾರಿ ಒಂದು ಗುಂಡಿಗೆ ಇಳಿದರೆ ಸಾಕು, ಉಳಿದ ಆ ಎರಡು ಕಿಲೋದ ಅಂತರ ಮುಗಿಯುತ್ತದೆ.

ಇಲ್ಲಿ ತಳಕ್ಕೊಂದು ಒಳ್ಳೆಯ ಹಾಳೆ ಹಾಕಿ ಸಂದಿನ ನಷ್ಟ ಪೂರ್ತಿ ಹೋಯಿತೆಂದೇ ಭಾವಿಸಿದರೂ ಶಕ್ತಿ 52ರಿಂದ 61ಕ್ಕೆ ಏರುತ್ತದೆ. ಹಾಳೆಯಿಲ್ಲದೆ ಜೋಡಣೆಯನ್ನು ಮಾತ್ರ ಕಂಬಕ್ಕೆ ಬದಲಿಸಿದರೆ, ಕೈಯಿಂದ ಪೇರಿಸುವ ಓರೆಗೆ ಶೇಕಡಾ 12ರಷ್ಟು ಕಳೆದರೂ, 52ರಿಂದ ಸುಮಾರು 92ಕ್ಕೆ ಏರುತ್ತದೆ. ಎರಡೂ ಸೇರಿದರೆ 108ರ ಹತ್ತಿರ. ಇವು ಅಂದಾಜುಗಳು, ನಿಮ್ಮ ಪೆಟ್ಟಿಗೆಗೆ ಅಂಕಿಗಳು ಬೇರೆಯಾಗುತ್ತವೆ. ಪೆಟ್ಟಿಗೆ ತಯಾರಕರಿಂದ ಒತ್ತಡ ಪರೀಕ್ಷೆಯ ಅಂಕಿಯನ್ನು ಕೇಳಿ ಪಡೆದು ನೀವೇ ಇದೇ ಲೆಕ್ಕ ಮಾಡಿ. ಆದರೆ ಯಾವ ಬದಲಾವಣೆಯಿಂದ ಎಷ್ಟು ಲಾಭ ಎಂಬ ಕ್ರಮ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ.

ನೇರ ಕಂಬಗಳಾಗಿ ಪೇರಿಸಿದರೆ ರಾಶಿ ಅಲುಗಾಡುವುದಿಲ್ಲವೇ ಎಂದು ನಿಮ್ಮ ಗೋದಾಮಿನವರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದೊಂದು ಕಂಬವೂ ತನ್ನಷ್ಟಕ್ಕೆ ತೂಗಾಡುತ್ತದೆ. ಲಾರಿ ತಿರುವಿನಲ್ಲಿ ಹೊರಳಿದಾಗ ಅಂಚಿನ ಕಂಬ ಹೊರಕ್ಕೆ ವಾಲುತ್ತದೆ. ಪದರಗಳ ನಡುವಿನ ಹಾಳೆಯ ನಿಜವಾದ ಕೆಲಸ ಇಲ್ಲಿದೆ. ಪದರದ ಪೂರ್ಣ ಅಗಲಕ್ಕೆ ಹಾಸಿದ ಒಂದೇ ಹಾಳೆ ಆ ಪದರದ ಎಲ್ಲ ಕಂಬಗಳನ್ನೂ ಒಟ್ಟಿಗೆ ಹಿಡಿಯುತ್ತದೆ. ಅಂಚಿನ ಕಂಬವೊಂದೇ ಹೊರಗೆ ಸರಿಯಬೇಕೆಂದರೆ ಹಾಳೆಯ ಉಜ್ಜುವಿಕೆಯನ್ನು, ಅಂದರೆ ಘರ್ಷಣೆಯನ್ನು ಮೀರಬೇಕು, ಅದನ್ನು ಮೇಲಿನ ಪದರಗಳ ತೂಕ ಒತ್ತಿ ಹಿಡಿದಿರುತ್ತದೆ. ಅಂದರೆ ನಡುವಿನ ಹಾಳೆ ತಾನಾಗಿ ಒಂದು ಕಿಲೋ ಹೊರೆಯನ್ನೂ ಹೊರುವುದಿಲ್ಲ. ಪೆಟ್ಟಿಗೆಗೆ ತನ್ನ ಪೂರ್ಣ ಶಕ್ತಿಯಲ್ಲಿ ಹೊರಲು ಬೇಕಾದ ಜೋಡಣೆಯನ್ನು ಸಾಧ್ಯವಾಗಿಸುತ್ತದೆ. ನನ್ನ ದೃಷ್ಟಿಯಲ್ಲಿ ಹಾಳೆಗೆ ಕೊಡುವ ಹಣಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಇಲ್ಲ.

ಆರು ಪದರಕ್ಕೆ ಎರಡನೆಯ ಪದರದ ಮೇಲೊಂದು, ನಾಲ್ಕನೆಯದರ ಮೇಲೊಂದು ಹಾಳೆ ಸಾಕಾಗುತ್ತದೆ. ಇನ್ನೂ ಭದ್ರತೆ ಬೇಕೆಂದರೆ ಮೇಲಿನ ಒಂದು ಪದರವನ್ನು ಮಾತ್ರ ದಿಕ್ಕು ಬದಲಿಸಿ ಹೆಣೆಯಬಹುದು. ಅದರ ಕೆಳಗಿನ ಪದರದ ಮೇಲೆ ಬೀಳುವುದು ಒಂದೇ ಪೆಟ್ಟಿಗೆಯ ತೂಕವಾದ್ದರಿಂದ ಅಲ್ಲಿ ಶಕ್ತಿ ಅರ್ಧವಾದರೂ ಚಿಂತೆಯಿಲ್ಲ. ತಳದ ಪದರಗಳನ್ನು ಮಾತ್ರ ಹೆಣೆಯಬೇಡಿ.

ಹಾಳೆಯ ಮೇಲ್ಮೈ ಜಾರುವಂಥದ್ದಾದರೆ ಈ ಉಪಕಾರ ತಿರುಗುಬಾಣವಾಗುತ್ತದೆ. ಹೊಳಪಿನ ಲೇಪನವಿರುವ ಬಿಳಿ ರಟ್ಟು, ವಾರ್ನಿಷ್ ಹಚ್ಚಿದ ಪೆಟ್ಟಿಗೆ, ಎರಡೂ ಸೇರಿದರೆ ಪದರಗಳು ಒಂದರ ಮೇಲೊಂದು ಸರಿಯುತ್ತವೆ. ಒರಟು ಕಂದು ಕ್ರಾಫ್ಟ್ ಹಾಳೆ ಸಾಮಾನ್ಯವಾಗಿ ಉತ್ತಮ. ಜಾರುನಿರೋಧಕ ಲೇಪನವಿರುವ ತೆಳು ಹಾಳೆಗಳೂ ಸಿಗುತ್ತವೆ. ಕೊಳ್ಳುವ ಮೊದಲು ನೀವೇ ಪರೀಕ್ಷಿಸಬಹುದು. ಒಂದು ಮೀಟರ್ ಉದ್ದದ ಹಲಗೆಗೆ ಹಾಳೆಯನ್ನು ಅಂಟಿಸಿ, ಅದರ ಮೇಲೆ ತುಂಬಿದ ಪೆಟ್ಟಿಗೆಯನ್ನಿಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಪೆಟ್ಟಿಗೆ ಜಾರುವ ಕ್ಷಣದಲ್ಲಿ ಆ ತುದಿ ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಕೋನ 27 ಡಿಗ್ರಿಯ ಆಸುಪಾಸಿನಲ್ಲಿದೆ, ಉಜ್ಜುವಿಕೆಯ ಗುಣಾಂಕ ಸರಿಸುಮಾರು 0.5 ಎಂದರ್ಥ, ಅಂದರೆ ಪೆಟ್ಟಿಗೆಯನ್ನು ಜಾರಿಸಲು ಅದರ ತೂಕದ ಸುಮಾರು ಅರ್ಧದಷ್ಟು ಬಲ ಬೇಕು. ಇದು ಉಪಯುಕ್ತ ಗಡಿ, ಏಕೆಂದರೆ ರಸ್ತೆ ಸಾಗಣೆಯಲ್ಲಿ ಹೊರೆ ಬಿಗಿಯುವ ಯುರೋಪಿನ ಮಾನದಂಡ ಇಎನ್ 12195-1 ಅಡ್ಡ ದಿಕ್ಕಿನಲ್ಲಿ ಹೊರೆಯ ತೂಕದ 0.5 ಪಟ್ಟು ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೆ ತಳ್ಳುವ ಬಲಕ್ಕೆ ಅದು 0.8 ಪಟ್ಟು ಎನ್ನುತ್ತದೆ, ಉಜ್ಜುವಿಕೆ ಒಂದನ್ನೇ ನಂಬಿ ಅದನ್ನು ತಡೆಯಲಾಗದು. ಅಲ್ಲಿ ಫಿಲ್ಮ್, ಪಟ್ಟಿ, ಲಾರಿಯ ಮುಂಗೋಡೆ ನೆರವಿಗೆ ಬರಬೇಕು. ಎರಡು ಬಗೆಯ ಹಾಳೆಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸಲು ಈ ಪರೀಕ್ಷೆ ಸಾಕು.

ಮೇಲ್ತುದಿಯ ತೊಂದರೆ ಸರಳ, ಪರಿಹಾರವೂ ಸರಳ. ಪಟ್ಟಿ ಪೆಟ್ಟಿಗೆಯ ಅಂಚನ್ನು ಕತ್ತರಿಸುವುದು ಒತ್ತಡ ಅಷ್ಟೂ ಕಿರಿದಾದ ಒಂದು ಗೆರೆಯ ಮೇಲೆ ಬೀಳುವುದರಿಂದ. ಚಪ್ಪಟೆ ಹಾಳೆಯನ್ನು ಮೇಲೆ ಹಾಸಿದರೆ ಪಟ್ಟಿ ಮೊದಲು ಹಾಳೆಯ ಅಂಚನ್ನು ಬಾಗಿಸುತ್ತದೆ, ನಂತರ ಪೆಟ್ಟಿಗೆಯನ್ನು ಕಚ್ಚುತ್ತದೆ. ಅಂಚಿನಲ್ಲಿ ಎಲ್ ಆಕಾರದ ಗಟ್ಟಿರಟ್ಟಿನ ತುಂಡು, ಅಂದರೆ ಆಂಗಲ್ ಬೋರ್ಡ್ ಕೂರಿಸಿ, ಅದರ ಮೇಲೆ ಪಟ್ಟಿ ಎಳೆಯಿರಿ. ಅಂಚುಗಳನ್ನು ಕೆಳಕ್ಕೆ ಮಡಚಿದ ಮುಚ್ಚಳದಂಥ ಹಾಳೆಯೂ ಆಗುತ್ತದೆ. ಅದು ಬಂದೊಡನೆ ಇನ್ನೆರಡು ಲಾಭ ತಾನಾಗಿ ಸಿಗುತ್ತವೆ: ಸಾಗಣೆಯ ಕಂಪನದಲ್ಲಿ ಎಲ್ಲಕ್ಕಿಂತ ಹೆಚ್ಚು ಕುಣಿಯುವುದು ಮೇಲಿನ ಪದರ, ಅದರ ಉಜ್ಜಾಟ ಕಡಿಮೆಯಾಗುತ್ತದೆ, ವಿತರಣಾ ಕೇಂದ್ರದಲ್ಲಿ ಫಿಲ್ಮ್ ಕತ್ತರಿಸುವ ಚಾಕು ಪೆಟ್ಟಿಗೆಯ ಬದಲು ಹಾಳೆಯನ್ನು ಗೀರುತ್ತದೆ. ಪೌಚ್ ತುಂಬಿದ ಪೆಟ್ಟಿಗೆಗೆ ಇದು ಸಣ್ಣ ವಿಷಯವಲ್ಲ, ಒಂದು ಗೀರು ಒಂದು ಪೌಚನ್ನು ಸೀಳಿ ಕೆಳಗಿನ ಮೂರು ಪೆಟ್ಟಿಗೆಗಳನ್ನು ನೆನೆಸಬಲ್ಲದು.

ಪ್ಯಾಲೆಟ್ ಮೇಲೆ ಪ್ಯಾಲೆಟ್ ಇಡುವ ಅಭ್ಯಾಸವಿದ್ದರೆ ಲೆಕ್ಕ ಬೇರೆ. ಮೇಲಿನ ಪ್ಯಾಲೆಟ್ಟಿನ ತೂಕವೆಲ್ಲ ಅದರ ಅಡಿಯ ಕೆಲವೇ ಹಲಗೆಗಳ ಮೂಲಕ ಇಳಿಯುತ್ತದೆ. 1200×800ರ ಯುರೋಪ್ಯಾಲೆಟ್ಟಿನಲ್ಲಿ ಅವು ಉದ್ದಕ್ಕೆ ಓಡುವ ಮೂರೇ ಮೂರು. ತೆಳು ಹಾಳೆ ಅಂಥ ಒತ್ತಡದ ಕೆಳಗೆ ಬಾಗಿ ಅಚ್ಚು ಬೀಳಿಸಿಕೊಳ್ಳುತ್ತದೆ, ಹಂಚುವುದಿಲ್ಲ. ಎರಡು ಗೋಡೆಯ ರಟ್ಟು (ಒಳಗೆ ಎರಡು ಸಾಲು ಫ್ಲೂಟ್ ಇರುವಂಥದ್ದು) ಇಲ್ಲವೇ ಪ್ಲೈವುಡ್ ಬೇಕು. ಮತ್ತು ತಳದ ಪೆಟ್ಟಿಗೆ ಹೊರಬೇಕಾದ ತೂಕ ಇಮ್ಮಡಿಗಿಂತ ಹೆಚ್ಚಾಗುತ್ತದೆ, ಅದನ್ನು ಯಾವ ಹಾಳೆಯೂ ಕಡಿಮೆ ಮಾಡದು.

ದಪ್ಪದ ಪ್ರಶ್ನೆಗೆ ಬರೋಣ. ಫ್ಲೂಟ್‌ನ ಎತ್ತರಕ್ಕೆ ತಕ್ಕಂತೆ ರಟ್ಟನ್ನು ಇಂಗ್ಲಿಷ್ ಅಕ್ಷರಗಳಿಂದ ಕರೆಯುತ್ತಾರೆ: ಇ ಫ್ಲೂಟ್ ಸುಮಾರು ಒಂದೂವರೆ ಮಿಲಿಮೀಟರ್, ಬಿ ಫ್ಲೂಟ್ ಸುಮಾರು 3, ಸಿ ಫ್ಲೂಟ್ ಸುಮಾರು 4, ಬಿ ಮತ್ತು ಸಿ ಸೇರಿದ ಎರಡು ಗೋಡೆಯ ರಟ್ಟು 7ರ ಹತ್ತಿರ. ತಳಕ್ಕೆ ಸಿ ಫ್ಲೂಟ್ ತೆಗೆದುಕೊಳ್ಳಿ. ಹಲಗೆ ಸಂದುಗಳು ತುಂಬ ಅಗಲವಾಗಿದ್ದರೆ ಎರಡು ಗೋಡೆಯದ್ದು. ನಡುವೆ ಬಿ ಫ್ಲೂಟ್ ಅಥವಾ ಒಂದು ಮಿಲಿಮೀಟರ್ ಆಸುಪಾಸಿನ ಗಟ್ಟಿರಟ್ಟು ಸಾಕು, ಅಲ್ಲಿ ಬೇಕಾದದ್ದು ಹಿಡಿತ. ತುದಿಗೆ ಬಿ ಅಥವಾ ಸಿ. ಪ್ರತಿ ಪದರಕ್ಕೂ ಸಿ ಫ್ಲೂಟ್ ಹಾಕಿದರೆ ಆರು ಹಾಳೆಗೆ 24 ಮಿಲಿಮೀಟರ್ ಎತ್ತರ ಸೇರುತ್ತದೆ. ರ‍್ಯಾಕ್‌ನ ಎತ್ತರ ಬಿಗಿಯಾಗಿರುವ ಕಡೆ ಇದೇ ತಿರಸ್ಕಾರಕ್ಕೆ ಕಾರಣವಾಗುತ್ತದೆ.

ದಪ್ಪದ ಬಗ್ಗೆ ಒಂದು ಮಾತು ಸೇರಿಸಬೇಕು. ಪೆಟ್ಟಿಗೆಯ ಶಕ್ತಿಯನ್ನು ಅಂದಾಜಿಸಲು ಇಂದಿಗೂ ಬಳಸುವ ಮೆಕೀ ಸೂತ್ರ 1963ರದ್ದು. ಅದರಲ್ಲಿ ರಟ್ಟಿನ ಅಂಚು ಒತ್ತಡ ತಾಳುವ ಬಲ ನೇರವಾಗಿ ಗುಣಿಸಲ್ಪಡುತ್ತದೆ, ದಪ್ಪವಾದರೋ ವರ್ಗಮೂಲದ ಒಳಗಿದೆ. ಅಂದರೆ ಅಂಚಿನ ಬಲ ಇಮ್ಮಡಿಯಾದರೆ ಪೆಟ್ಟಿಗೆಯ ಶಕ್ತಿಯೂ ಇಮ್ಮಡಿ. ದಪ್ಪ ಮಾತ್ರ ಇಮ್ಮಡಿಯಾದರೆ ಶಕ್ತಿ 1.4 ಪಟ್ಟು. ಕಂಬ ಜೋಡಣೆಯ ನಂತರವೂ ತಳ ಜಜ್ಜುತ್ತಿದ್ದರೆ ಮುಂದಿನ ಹಣ ಇನ್ನಷ್ಟು ಹಾಳೆಗೆ ಹೋಗಬಾರದು, ಪೆಟ್ಟಿಗೆಯ ಒಳ್ಳೆಯ ಕಾಗದಕ್ಕೆ ಹೋಗಬೇಕು.

ಹಾಳೆಯ ಅಳತೆ ಪ್ಯಾಲೆಟ್ಟಿನದ್ದಲ್ಲ, ಮಾಲಿನ ಪದರದ್ದಾಗಿರಲಿ, ಪ್ರತಿ ಬದಿಗೆ ಒಂದು ಸೆಂಟಿಮೀಟರ್ ಕಡಿಮೆ ಇರಲಿ. ಹೊರಗೆ ಚಾಚಿದ ಹಾಳೆ ಫಿಲ್ಮನ್ನು ಹರಿಯುತ್ತದೆ. ಬಹಳ ಚಿಕ್ಕದಾದರೆ ಹೊರಮೂಲೆಗಳಿಗೇ ಆಸರೆ ತಪ್ಪಿ, ಹಾಳೆಯ ಅಂಚು ಕೆಳಗಿನ ಮುಚ್ಚಳದ ಮೇಲೆ ಗೆರೆ ಮೂಡಿಸುತ್ತದೆ.

ತೇವದ ವಿಷಯದಲ್ಲಿ ಎಚ್ಚರವಿರಲಿ. ಹಸಿ ಮರದ ಪ್ಯಾಲೆಟ್ಟಿನಿಂದ ಏರುವ ತೇವವನ್ನು ತಳದ ಹಾಳೆ ಸ್ವಲ್ಪ ಕಾಲ ತಡೆಯುತ್ತದೆ, ಆಮೇಲೆ ತಾನೇ ನೆನೆದು ಮೆತ್ತಗಾಗುತ್ತದೆ. ಒಣ ಪ್ಯಾಲೆಟ್ ಕೊಳ್ಳುವುದೇ ದಾರಿ. ಪ್ಲಾಸ್ಟಿಕ್ ಲೇಪನದ ಹಾಳೆ ನೀರು ತಡೆಯುತ್ತದೆಯಾದರೂ ವಿತರಣಾ ಕೇಂದ್ರದವರು ಅದನ್ನು ಉಳಿದ ರಟ್ಟಿನ ಜೊತೆ ಮರುಬಳಕೆಗೆ ಕಟ್ಟಲು ಒಪ್ಪದಿರಬಹುದು. ಹಣ್ಣು ತರಕಾರಿಯಂಥ ಉಸಿರಾಡುವ ಮಾಲಿಗೆ ರಂಧ್ರವಿಲ್ಲದ ಪೂರ್ಣ ಹಾಳೆ ಹಾಸಲೇಬಾರದು, ತಂಪು ಗಾಳಿ ಮೇಲೇರುವ ದಾರಿ ಮುಚ್ಚಿಹೋಗುತ್ತದೆ. ವಿದೇಶಕ್ಕೆ ಕಳುಹಿಸುವುದಾದರೆ, ಕೀಟಗಳು ಹರಡದಂತೆ ಮರದ ಪ್ಯಾಕಿಂಗಿಗೆ ಅನ್ವಯಿಸುವ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ರಟ್ಟಿಗೆ ಇಲ್ಲ. ಆದರೆ ಹಾಳೆಯ ಕೆಳಗಿನ ಮರದ ಪ್ಯಾಲೆಟ್ಟಿಗೆ ಇದೆ.

ಹಳೆಯ ಪೆಟ್ಟಿಗೆಗಳನ್ನು ಬಿಚ್ಚಿ ಹಾಸುವ ನಿಮ್ಮ ಯೋಚನೆಯ ಹಿಂದಿನ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಹೊರೆಯ ಕೆಳಗೆ ಬೇಡ. ಬಿಚ್ಚಿದ ಪೆಟ್ಟಿಗೆಯಲ್ಲಿ ಮಡಿಕೆಯ ಗೆರೆಗಳಿರುತ್ತವೆ, ಅಲ್ಲಿ ಫ್ಲೂಟ್ ಆಗಲೇ ನಜ್ಜುಗುಜ್ಜಾಗಿರುತ್ತದೆ. ಹಾಳೆ ಬಾಗಬೇಕಾದರೆ ಮೊದಲು ಅಲ್ಲಿಯೇ ಬಾಗುತ್ತದೆ. ಎರಡು ಮೂರು ತುಂಡು ಜೋಡಿಸಿ ಹಾಸಿದರೆ ಕಂಬಗಳನ್ನು ಒಟ್ಟಿಗೆ ಹಿಡಿಯುವ ಗುಣವೇ ಹೋಗುತ್ತದೆ, ಏಕೆಂದರೆ ತುಂಡುಗಳ ನಡುವಿನ ಗೆರೆಯಲ್ಲಿ ರಾಶಿ ಇಬ್ಭಾಗವಾಗಬಹುದು. ಒಂದರ ಮೇಲೊಂದು ಏರಿದ ತುಂಡುಗಳಿಂದ ಪದರ ಓರೆಯಾಗುವುದೂ ಉಂಟು. ಅಂಟುಪಟ್ಟಿಯ ಚೂರು, ಪಿನ್ನು ತೆಗೆದ ಒಣ ಹಳೆಯ ರಟ್ಟನ್ನು ತುದಿಯಲ್ಲಿ ಧೂಳು ತಡೆಯಲು ಬಳಸಬಹುದು. ಹೊಸ ಹಾಳೆಗಳನ್ನೇ ಹಿಂದಕ್ಕೆ ತರಿಸಿ ಮತ್ತೆ ಬಳಸುವುದು ಇದಕ್ಕಿಂತ ಮೇಲು. ಮಡಿಕೆ ಬೀಳದ, ತೇವ ತಾಗದ ಹಾಳೆ ನಡುಪದರದ ಕೆಲಸಕ್ಕೆ ಮತ್ತೆ ಬರುತ್ತದೆ.

ನಿರ್ಧರಿಸುವ ಮೊದಲು ವಿತರಣಾ ಕೇಂದ್ರದ ಸ್ವೀಕೃತಿ ನಿಯಮಾವಳಿಯನ್ನು ಓದಿ. ಯಂತ್ರದ ತೋಳಿನಿಂದ ಪದರ ಇಳಿಸುವ ಕೇಂದ್ರಗಳಲ್ಲಿ ನಡುವಿನ ಹಾಳೆ ಯಂತ್ರಕ್ಕೆ ಅಡಚಣೆಯಾಗಬಹುದು, ಅಥವಾ ನಿರ್ದಿಷ್ಟ ಅಳತೆಯದ್ದೇ ಬೇಕೆನ್ನಬಹುದು. ಒಂದೇ ಪ್ಯಾಲೆಟ್ಟಿನಲ್ಲಿ ಪದರಕ್ಕೊಂದು ಬಗೆಯ ಸರಕು ಕಳುಹಿಸುವಾಗ ಮಾತ್ರ ಪ್ರತಿ ಪದರಕ್ಕೂ ಹಾಳೆ ಹಾಕುವುದು ಸರಿ: ಎಣಿಸುವವರಿಗೆ ಅನುಕೂಲ, ಬೇರೆ ಬೇರೆ ಅಳತೆಯ ಪೆಟ್ಟಿಗೆಗಳು ಒಂದರ ಮೂಲೆ ಇನ್ನೊಂದರ ಮುಚ್ಚಳಕ್ಕೆ ಚುಚ್ಚುವುದೂ ತಪ್ಪುತ್ತದೆ.

ಇಷ್ಟಾದ ಮೇಲೆ ದೊಡ್ಡ ಖರೀದಿಗೆ ಕೈ ಹಾಕುವ ಮುನ್ನ ಒಂದೇ ಲಾರಿಯಲ್ಲಿ, ಒಂದೇ ಮಾರ್ಗದಲ್ಲಿ ಮೂರು ಬಗೆಯ ಪ್ಯಾಲೆಟ್ ಕಳುಹಿಸಿ ನೋಡಿ: ಈಗಿನಂತೆಯೇ ಒಂದು, ಈಗಿನ ಜೋಡಣೆಗೆ ತಳದ ಹಾಳೆ ಮಾತ್ರ ಸೇರಿಸಿದ್ದು ಒಂದು, ಕಂಬ ಜೋಡಣೆ, ತಳದಲ್ಲಿ, ನಡುವೆ ಮತ್ತು ತುದಿಯಲ್ಲಿ ಹಾಳೆ, ಅಂಚಿಗೆ ಆಂಗಲ್ ಬೋರ್ಡ್ ಇರುವುದು ಒಂದು. ಲಾರಿಯ ಹಿಂಭಾಗದಲ್ಲಿ ಕುಲುಕಾಟ ಹೆಚ್ಚಾದ್ದರಿಂದ ಪ್ರತಿ ಸಲವೂ ಅವುಗಳ ಜಾಗವನ್ನು ಅದಲು ಬದಲು ಮಾಡಿ. ತಲುಪಿದಲ್ಲಿ ಹಾನಿಯನ್ನು ಒಟ್ಟು ಪೆಟ್ಟಿಗೆಯ ಲೆಕ್ಕದಲ್ಲಿ ಬರೆಸಬೇಡಿ. ಎಷ್ಟನೆಯ ಪದರ, ಪ್ಯಾಲೆಟ್ಟಿನ ಯಾವ ಬದಿ, ಮೂಲೆ ಕುಸಿದಿದೆಯೋ ಗೋಡೆ ಉಬ್ಬಿದೆಯೋ ಎಂದು ಬರೆಸಿ, ಫಿಲ್ಮ್ ಬಿಚ್ಚುವ ಮೊದಲು ನಾಲ್ಕೂ ಬದಿಯ ಫೋಟೋ ತರಿಸಿಕೊಳ್ಳಿ. ಆ ದಾಖಲೆಯ ಜೊತೆ ಪೆಟ್ಟಿಗೆಯ ಅಳತೆ ಮತ್ತು ಒತ್ತಡ ಪರೀಕ್ಷೆಯ ಅಂಕಿಯನ್ನು ಕಳುಹಿಸಿದರೆ, ನಡುವಿನ ಎರಡು ಹಾಳೆಗಳಲ್ಲಿ ಒಂದನ್ನು ಬಿಡಬಹುದೇ ಎಂಬುದನ್ನೂ ಲೆಕ್ಕ ಮಾಡಿ ತಿಳಿಸುತ್ತೇನೆ.